ಹೊನ್ನಾಳಿಯಲ್ಲಿ ಇಳಿದ ಚೀಲ

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಕೃಷಿ ಪದವಿ ಮುಗಿಸಿ ಚನ್ನಗಿರಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ನನ್ನ ಪಾಲಿಗೆ ಬಂದದ್ದು ಆಲೂಗಡ್ಡೆಯ ಕಜ್ಜಿ ರೋಗ. ಆ ಸೀಮೆಯಲ್ಲಿ ಆಲೂಗಡ್ಡೆ ಬೆಳೆಯುವವರೇ ಕಡಿಮೆ. ಬೆಳೆದ ನಾಲ್ಕಾರು ಜನ ಮೂರನೆಯ ವರ್ಷಕ್ಕೆ ಕೈಬಿಡುತ್ತಿದ್ದರು. ಕಜ್ಜಿ ಗಿಡವನ್ನು ಕೊಲ್ಲುವ ರೋಗವಲ್ಲ. ಸೊಪ್ಪು ಹಸಿರಾಗಿಯೇ ಇರುತ್ತದೆ, ಬದುವಿನ ಮೇಲೆ ನಿಂತು ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಕಿತ್ತಾಗ ಮಾತ್ರ ಗಡ್ಡೆಯ ಮೈತುಂಬ ಒರಟು ಹಕ್ಕಳೆ, ಕೆಲವಕ್ಕೆ ಆಳದ ಗುಳಿ. ಕೆರೆದು ತಿಂದರೆ ಅಂಥ ಗಡ್ಡೆಯಿಂದ ಯಾರಿಗೂ ಏನೂ ಆಗುವುದಿಲ್ಲ, ಆದರೆ ಸಂತೇಬೆನ್ನೂರಿನ ಸಂತೆಯಲ್ಲಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಒಮ್ಮೆ ಮಣ್ಣಿಗೆ ಬಂತೆಂದರೆ ಅಲ್ಲಿಂದ ಹೋಗುವುದೂ ಇಲ್ಲ. ಹಾಗಾಗಿ ಯಾವ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ ಎಂದು ನಾವು ನೋಡಬೇಕಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಕಡೆ ರೋಗ ಹತ್ತಿದ ಹೊಲಗಳನ್ನೇ ಹುಡುಕಿ, ರೈತರನ್ನು ಒಪ್ಪಿಸಿ, ಅವವೇ ತಳಿಗಳನ್ನು ಒಂದೇ ರೀತಿಯಲ್ಲಿ ನೆಡುವುದೆಂದು ತೀರ್ಮಾನವಾಗಿತ್ತು.

ಈ ಪರೀಕ್ಷೆಯಲ್ಲಿ ಒಂದು ತೊಡಕಿತ್ತು. ಬಿತ್ತನೆ ಗಡ್ಡೆಯ ಮೈಮೇಲೆಯೇ ರೋಗ ಕೂತಿದ್ದರೆ, ಕೊನೆಗೆ ಕಾಣುವ ಕಜ್ಜಿ ಮಣ್ಣಿನಿಂದ ಬಂತೋ ಬೀಜದಿಂದ ಬಂತೋ ಹೇಳಲಾಗದು. ಅದಕ್ಕಾಗಿ ನೆಡುವ ಮುಂಚೆ ಎಲ್ಲ ಗಡ್ಡೆಗಳನ್ನೂ ಪಾದರಸ ಬೆರೆತ ಔಷಧಿಯ ನೀರಿನಲ್ಲಿ ಅದ್ದಿ, ನೆರಳಲ್ಲಿ ಹರವಿ ಒಣಗಿಸುತ್ತಿದ್ದೆವು. ಆಗ ಅದೇ ರೂಢಿ. ನಮ್ಮ ಸಾಹೇಬರು ಮೊದಲ ದಿನವೇ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಇದು ತಿಂದ ಕೂಡಲೇ ಬೀಳಿಸುವ ವಿಷವಲ್ಲ, ಮೈಯೊಳಗೆ ಕೂತು ಕಾಯುವ ವಿಷ ಎಂದಿದ್ದರು. ನನಗೆ ಅಂದಿನಿಂದಲೇ ಭಯ. ರಬ್ಬರ್ ಕೈಗವಸು ಹಾಕಿಕೊಂಡು ಅದ್ದಿದರೂ ಸಂಜೆ ಬಾಡಿಗೆ ಕೋಣೆಗೆ ಬಂದು ಸೀಗೆಪುಡಿ ಹಚ್ಚಿ ಕೈ ಉರಿಯುವವರೆಗೆ ತಿಕ್ಕುತ್ತಿದ್ದೆ. ಊಟದ ತುತ್ತು ಎತ್ತುವಾಗ ಬೆರಳು ಮೂಸಿ ನೋಡುವ ಚಟವೂ ಅಂಟಿತ್ತು.

ತಳಿಗಳನ್ನು ಬೇರೆ ಬೇರೆ ಸಣ್ಣ ಬಟ್ಟೆಚೀಲಗಳಲ್ಲಿ ಕಟ್ಟುತ್ತಿದ್ದೆವು. ಅವುಗಳ ಜೊತೆಗೆ ಒಂದು ದೊಡ್ಡ ಗೋಣಿಚೀಲ ಇರುತ್ತಿತ್ತು. ಅದರಲ್ಲಿ ಇರುತ್ತಿದ್ದುದು ಕಜ್ಜಿಗೆ ಬಲುಬೇಗ ತುತ್ತಾಗುವ ಒಂದು ತಳಿ. ಅದನ್ನು ಮಡಿಗಳ ಸುತ್ತ ಅಂಚಿನ ಸಾಲಾಗಿ ನೆಡುತ್ತಿದ್ದೆವು. ಅಂಚಿನಲ್ಲೆಲ್ಲ ರೋಗ ಬಂದರೆ ಮಣ್ಣಿನಲ್ಲಿ ರೋಗ ಒಂದೇ ಸಮನಾಗಿ ಇದೆ ಎಂಬ ಧೈರ್ಯ. ಆ ಗಡ್ಡೆಗಳ ಮೇಲೆ ಹಿಂದಿನ ವರ್ಷದ ಕಜ್ಜಿ ಹಾಗೆಯೇ ಇತ್ತು, ಔಷಧಿ ಒಣಗಿದ ಮೇಲೆ ನಸುಗೆಂಪು ಬಣ್ಣ ಕೆಮ್ಮಣ್ಣಿನ ಹಾಗೆ ಕಾಣುತ್ತಿತ್ತು. ಚೀಲದ ಕುತ್ತಿಗೆಗೆ ‘ವಿಷ, ತಿನ್ನಬಾರದು’ ಎಂದು ಕೆಂಪು ಶಾಯಿಯಲ್ಲಿ ಬರೆದ ರಟ್ಟನ್ನು ಸುತಲಿಯಿಂದ ಕಟ್ಟಿದ್ದೆವು.

ನ್ಯಾಮತಿಯಲ್ಲಿ ನೆಡುವ ದಿನ ಸಾಹೇಬರು ಜೀಪಿನಲ್ಲಿ ಜಗಳೂರಿಗೆ ಹೋಗಿದ್ದರು. ನಾನು ಮತ್ತು ನಮ್ಮ ಫೀಲ್ಡ್‌ಮನ್ ನಸುಕಿನ ಬಸ್ಸು ಹಿಡಿದೆವು. ಅವರು ತ್ಯಾವಣಿಗೆ ಕಡೆಯವರು, ನನ್ನ ತಂದೆಯ ವಯಸ್ಸು, ಮಾತು ಕಡಿಮೆ. ಸಣ್ಣ ಚೀಲಗಳನ್ನು ನಾವು ಕಾಲಬಳಿ ಇಟ್ಟುಕೊಂಡೆವು, ದೊಡ್ಡ ಚೀಲವನ್ನು ಕ್ಲೀನರ್ ಟಾಪಿಗೆ ಏರಿಸಿದ. ದೀಪಾವಳಿ ಕಳೆದು ಮದುವೆಗಳು ಶುರುವಾಗಿದ್ದವು. ಟಾಪಿನ ಮೇಲೆ ಬಾಳೆಎಲೆಯ ಕಟ್ಟು, ತರಕಾರಿ ಚೀಲ, ಬಾಡಿಗೆ ಪಾತ್ರೆಗಳು ತುಂಬಿದ್ದವು. ಹೊನ್ನಾಳಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎಲೆ ಕಟ್ಟುಗಳು ಇಳಿದವು, ಚೀಲಗಳು ಇಳಿದವು, ಅವನ್ನು ಒಂದು ಎತ್ತಿನ ಗಾಡಿಗೆ ಹೇರಿಕೊಂಡು ಹೋದರು. ನಮ್ಮ ಚೀಲ ಮೇಲಿದೆ ಎಂದು ಫೀಲ್ಡ್‌ಮನ್ ಕ್ಲೀನರ್‌ನನ್ನು ಕೇಳಿ ಖಾತ್ರಿ ಮಾಡಿಕೊಂಡೇ ಬಂದು ಕೂತರು.

ನ್ಯಾಮತಿಯ ಹೊಲದಲ್ಲಿ ಸಾಲು ಹೊಡೆದು, ತಳಿಗಳನ್ನೆಲ್ಲ ನೆಟ್ಟು, ರಟ್ಟು ಇಲ್ಲದ್ದನ್ನು ಆತುರದಲ್ಲಿ ಗಮನಿಸದೆ ಅಂಚಿನ ಸಾಲಿಗೆಂದು ಗೋಣಿಚೀಲದ ಬಾಯಿ ಬಿಚ್ಚಿದೆವು. ಒಳಗಿದ್ದವು ದಪ್ಪದಪ್ಪ, ನುಣುಪಾದ, ಹೊಳೆಯುವ ಆಲೂಗಡ್ಡೆಗಳು. ಒಂದಕ್ಕೂ ಮೊಳಕೆ ಇರಲಿಲ್ಲ. ಒಂದಕ್ಕೂ ಕಜ್ಜಿ ಇರಲಿಲ್ಲ. ನಾನು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಚೀಲ ನಮ್ಮದಲ್ಲ. ಫೀಲ್ಡ್‌ಮನ್ ಚೀಲದ ತಳದವರೆಗೆ ಕೈ ಹಾಕಿ ನೋಡಿದರು.

“ಮೇಡಂನೋರೆ, ಆ ಮದುವೆ ಮನೆಯೋರು,” ಎಂದರು. ಚೀಲದ ಬಾಯಿ ಮತ್ತೆ ಕಟ್ಟಿ ರಸ್ತೆಗೆ ಹೊತ್ತು ತಂದೆವು.

ಬಸ್ಸು ತಿರುಗಿ ಹೊರಟು ಹೋಗಿತ್ತು. ಸೌದೆ ತುಂಬಿದ ಒಂದು ಲಾರಿಯವನು ಆ ಚೀಲದೊಂದಿಗೆ ನಮ್ಮನ್ನು ಹತ್ತಿಸಿಕೊಂಡ. ಹೊನ್ನಾಳಿಯವರೆಗಿನ ಆ ದಾರಿಯಷ್ಟು ಉದ್ದದ ದಾರಿಯನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಡ್ರೈವರ್ ಏನೇನೋ ಕೇಳುತ್ತಿದ್ದ, ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಕಣ್ಣು ಮುಚ್ಚಿದರೆ ಎಲೆಯ ಸಾಲು ಕಾಣುತ್ತಿತ್ತು, ಪ್ರತಿ ಎಲೆಯ ತುದಿಗೂ ಆಲೂಗಡ್ಡೆ ಪಲ್ಯ. ಮಕ್ಕಳು, ಮುದುಕರು, ಬಸುರಿಯರು. ಸೂರ್ಯ ನೆತ್ತಿಗೆ ಬರುತ್ತಿದ್ದ, ಪಂಕ್ತಿ ಕೂರುವ ಹೊತ್ತು ಅದು.

ಬಸ್‌ಸ್ಟ್ಯಾಂಡಿನ ಎಲೆಯಂಗಡಿಯವಳಿಗೆ ಆ ಗಾಡಿ ಯಾವ ಊರಿನದೆಂದು ಗೊತ್ತಿತ್ತು. ಹೊಳೆ ದಾಟಿ ಸ್ವಲ್ಪ ದೂರದ ಹಳ್ಳಿ. ಚೀಲವನ್ನು ಅವಳ ಅಂಗಡಿಯಲ್ಲೇ ಬಿಟ್ಟು ಬಾಡಿಗೆ ಸೈಕಲ್ ತೆಗೆದುಕೊಂಡೆವು. ಫೀಲ್ಡ್‌ಮನ್ ತುಳಿದರು, ನಾನು ಕ್ಯಾರಿಯರ್ ಮೇಲೆ ಸೀರೆ ಮುದುಡಿಕೊಂಡು ಕೂತೆ. ಸೇತುವೆಯ ಮೇಲೆ ಎದುರುಗಾಳಿ. ಅವರ ಉಸಿರು ಸಿಳ್ಳೆಯ ಹಾಗೆ ಕೇಳಿಸುತ್ತಿತ್ತು. ಇಳಿದು ಓಡೋಣವೆಂದರೆ ಅವರು ನಿಲ್ಲಿಸಲಿಲ್ಲ.

ಊರಿನ ಬಾಯಿಗೆ ಬರುವಷ್ಟರಲ್ಲಿ ವಾಲಗ ಕೇಳಿಸಿತು. ಮದುವೆ ಇದ್ದದ್ದು ಮರುದಿನ, ಅಂದು ಚಪ್ಪರದ ಊಟ. ಚಪ್ಪರದೊಳಗೆ ಜನ ಸಾಲಾಗಿ ಕೂತು ಉಣ್ಣುತ್ತಿದ್ದರು. ನಾನು ಯಾರ ಮುಖವನ್ನೂ ನೋಡದೆ ಎಲೆಗಳನ್ನೇ ನೋಡುತ್ತ ನಡೆದೆ. ಕೋಸಂಬರಿ, ಬದನೆಕಾಯಿ, ಹುಗ್ಗಿ. ಆಲೂಗಡ್ಡೆ ಕಾಣಲಿಲ್ಲ. ಕಾಣದಿದ್ದರೂ ನಂಬಿಕೆ ಬರಲಿಲ್ಲ, ಹಿಂದಿನ ಪಂಕ್ತಿಗೆ ಬಡಿಸಿ ಮುಗಿದಿದ್ದರೆ? ಹಿತ್ತಿಲಿನ ಒಲೆಗಳ ಹತ್ತಿರ ಹೋಗಿ, ಆಲೂಗಡ್ಡೆ ಎಲ್ಲಿ ಎಂದು ಅಡುಗೆಯವರನ್ನು ಕೇಳಿದೆ. ಅವರು ಸೌಟು ಕೆಳಗಿಡದೆ ಹೇಳಿದರು:

“ಅದಾ? ಸುರಿದು ನೋಡಿದ್ರೆ ಬರೇ ಕಜ್ಜಿ ಗಡ್ಡೆ. ಬೀಗರ ಮುಂದೆ ಅದನ್ನ ಹೆಂಗೆ ಬಡಿಸಾಕೆ ಆಗ್ತೈತೆ ಹೇಳ್ರಿ? ಗೋಡೆ ಮಗ್ಗಲಿಗೆ ತಳ್ಳೀನಿ. ಅಂಗಡಿಯೋನು ನಮ್ಮ ಯಜಮಾನ್ರಿಗೆ ಟೋಪಿ ಹಾಕ್ಯಾನೆ.”

ಅದು ಬಿತ್ತನೆಯ ಗಡ್ಡೆ, ಔಷಧಿ ಹಚ್ಚಿದ್ದು, ಚೀಲ ಅದಲುಬದಲಾಗಿದೆ ಎಂದು ಫೀಲ್ಡ್‌ಮನ್ ವಿವರಿಸಿದರು. ನಿಮ್ಮ ಒಳ್ಳೆಯ ಗಡ್ಡೆ ಹೊನ್ನಾಳಿಯಲ್ಲಿದೆ, ಗಾಡಿ ಕಳಿಸಿ ಎಂದರು. ನನಗೆ ಅಳು ಬಂತು, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಚೀಲದ ಕುತ್ತಿಗೆಯ ರಟ್ಟು ಎಲ್ಲೋ ಉದುರಿಹೋಗಿ ಬರೀ ಸುತಲಿ ಉಳಿದಿತ್ತು. ರಾಶಿಯ ಹತ್ತಿರ ಹೋಗಿ ಗಡ್ಡೆಗಳನ್ನು ಚೀಲಕ್ಕೆ ತುಂಬಲು ಬಗ್ಗಿದಾಗ ಪಕ್ಕದಲ್ಲಿ ಒಂದು ಈಳಿಗೆಮಣೆ ಕಂಡಿತು. ಅದರ ಸುತ್ತ ಹೆರೆದು ಹಾಕಿದ ಕಜ್ಜಿ ಸಿಪ್ಪೆ ಬಿದ್ದಿತ್ತು. ಇನ್ನಷ್ಟು ಸಿಪ್ಪೆ ಅತ್ತ ತಿಪ್ಪೆಗೆ ಹೋಗುವ ದಾರಿಯಲ್ಲಿ ಚೆಲ್ಲಿತ್ತು.

ಇದನ್ನು ಯಾರು ಹೆಚ್ಚಿದರು ಎಂದು ಕೇಳಿದಾಗ ಅಡುಗೆಯವರು ಕೊಟ್ಟಿಗೆಯ ಕಡೆ ಕೈ ತೋರಿಸಿದರು. “ಅತ್ತೆಮ್ಮ.”

ಮದುಮಗಳ ತಂದೆಯ ಅಕ್ಕ ಆಕೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಮ್ಮನ ಮಗಳನ್ನು ಎತ್ತಿ ಆಡಿಸಿ ಬೆಳೆಸಿದವರು. ಊರಿಗೆಲ್ಲ ಅವರು ಅತ್ತೆಮ್ಮ. ವಿಧವೆಯಾದ್ದರಿಂದ ಚಪ್ಪರದ ಕಡೆ ಹೋಗದೆ ಬೆಳಗಿನಿಂದ ಹಿತ್ತಿಲ ಕೆಲಸ ನೋಡಿಕೊಳ್ಳುತ್ತಿದ್ದರು. ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಎಸೆಯುವ ಗಡ್ಡೆಯನ್ನು ಯಾಕೆ ಎಸೆಯಬೇಕೆಂದು ಕಜ್ಜಿ ಹೆರೆದು, ಕೆಲಸದ ಹೆಂಗಸರಿಗೆಂದು ಪಲ್ಯ ಮಾಡಿದ್ದರು. ಬಾಣಲೆಯ ಮೇಲೆ ತಟ್ಟೆ ಮುಚ್ಚಿತ್ತು. ಹೆಂಗಸರಾರೂ ಇನ್ನೂ ಬಂದಿರಲಿಲ್ಲ. ಅತ್ತೆಮ್ಮ ಮಾತ್ರ ರೊಟ್ಟಿಯ ಜೊತೆ ಉಂಡು ಕೈ ತೊಳೆಯುತ್ತಿದ್ದರು.

ಅವರ ಮುಂದೆ ಕೂತು, ಕೈ ಹಿಡಿದು, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಕೇಳಿಸಿಕೊಂಡು ಬಾಣಲೆಯ ಕಡೆ ನೋಡಿದರು, ಆಮೇಲೆ ಚಪ್ಪರದ ಕಡೆ.

“ಬ್ಯಾರೆ ಯಾರೂ ತಿಂದಿಲ್ಲ,” ಎಂದರು. ತಕ್ಷಣ ಆಸ್ಪತ್ರೆಗೆ ಹೋಗೋಣ ಎಂದೆ. ಅವರು ತಲೆಯಲ್ಲಾಡಿಸಿದರು. “ನಾಳೆ ಧಾರೆ ಐತೆ. ಈಗ ನಾನು ಆಸ್ಪತ್ರೆಗೆ ಹೊಂಟ್ರೆ ಈ ಮುಂಡೆಯಿಂದ ಅಪಶಕುನ ಆತು ಅಂತಾರೆ. ಆ ಹುಡುಗಿ ಜನ್ಮಪೂರ್ತಿ ಅದನ್ನ ಕೇಳ್ಬೇಕಾಗ್ತೈತೆ. ನೀವು ಯಾರಿಗೂ ಹೇಳಬ್ಯಾಡ್ರಿ. ಇಲ್ಲೇ ಏನಾರ ಮಾಡಾಕೆ ಬರ್ತದಾ ನೋಡ್ರಿ.”

ಉಪ್ಪುನೀರು ಕದಡಿ ಕುಡಿಸಿ ವಾಂತಿ ಮಾಡಿಸಿದೆ. ಎಮ್ಮೆಗಳು ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿದ್ದವು. ಹೊರಗೆ ವಾಲಗದವರು ಜೋರಾಗಿ ಬಾರಿಸುತ್ತಿದ್ದರಿಂದ ಅವರು ಓಕರಿಸಿದ್ದು ಯಾರಿಗೂ ಕೇಳಿಸಲಿಲ್ಲ. ನಾನು ಅವರ ಬೆನ್ನು ನೀವುತ್ತಿದ್ದೆ. ಆಮೇಲೆ ಹಾಲು ಕುಡಿಸಿದೆ. ಫೀಲ್ಡ್‌ಮನ್ ಹಿತ್ತಿಲಾಚೆ ಗುಂಡಿ ತೋಡಿ ಪಲ್ಯವನ್ನು ಬಾಣಲೆ ಸಮೇತ ಹೂತರು. ನಾನು ತಿಪ್ಪೆಯ ದಾರಿಯಲ್ಲಿ ಬಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಹೆಕ್ಕಿದೆ. ಚೀಲ ತುಂಬಿತು. ಆದರೆ ಮೊದಲಿದ್ದಷ್ಟು ತುಂಬಿತೇ, ಕಡಿಮೆಯಾಯಿತೇ ಎಂದು ನಮ್ಮಿಬ್ಬರಿಗೂ ಹೇಳಲಾಗಲಿಲ್ಲ. ಯಾರಾದರೂ ನಾಲ್ಕು ಗಡ್ಡೆ ಸೆರಗಿಗೆ ಕಟ್ಟಿಕೊಂಡು ಹೋಗಿದ್ದರೆ? ಅಡುಗೆಯವರು ಇಲ್ಲವೆಂದರು, ಅತ್ತೆಮ್ಮನೂ ಇಲ್ಲವೆಂದರು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಚನ್ನಗಿರಿಗೆ ಬಂತು.

ಧಾರೆ ಮುಗಿದು ಮದುಮಗಳು ಗಂಡನ ಮನೆಗೆ ಹೊರಟ ಮೇಲೆ, ಮಂಡಿನೋವಿನ ನೆಪ ಹೇಳಿ ಅತ್ತೆಮ್ಮ ಹೊನ್ನಾಳಿ ಆಸ್ಪತ್ರೆಗೆ ಬಂದರು. ಮಾತಾಡಿಕೊಂಡಿದ್ದಂತೆ ನಾನು ಅಲ್ಲಿ ಕಾಯುತ್ತಿದ್ದೆ. ಡಾಕ್ಟರು ವಯಸ್ಸಾದವರು, ನಾನು ತಂದಿದ್ದ ಔಷಧಿಯ ಹೆಸರು ಓದಿ ಕನ್ನಡಕ ತೆಗೆದಿಟ್ಟರು. ತೊಳೆದು, ಹೆರೆದು, ಬೇಗ ವಾಂತಿ ಮಾಡಿಸಿದ್ದು ಒಳ್ಳೆಯದಾಯಿತು ಎಂದರು. ಅತ್ತೆಮ್ಮನನ್ನು ಹೊರಗೆ ಕೂರಿಸಿ ನನಗೆ ಉಳಿದದ್ದನ್ನು ಹೇಳಿದರು. ಬೇಯಿಸಿದರೆ ಇದು ಹೋಗುವುದಿಲ್ಲ. ಈಗ ಏನೂ ಕಾಣದಿರಬಹುದು. ವಾರಗಳಾದ ಮೇಲೆ, ತಿಂಗಳಾದ ಮೇಲೆ, ತುಟಿ ಬೆರಳು ಜೋಮು ಹಿಡಿಯಬಹುದು, ಕೈ ನಡುಗಬಹುದು, ನಡಿಗೆ ತಪ್ಪಬಹುದು, ಕಣ್ಣಿನ ಅಂಚು ಮಸುಕಾಗಬಹುದು. ಹೊಟ್ಟೆಗೆ ಎಷ್ಟು ಹೋಗಿದೆಯೋ ಗೊತ್ತಿಲ್ಲ, ನೋಡುತ್ತಿರಬೇಕು, ಅಷ್ಟೇ.

ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು, ಇನ್ನು ಮೇಲೆ ಒಂದು ಗಡ್ಡೆಯೂ ಬಸ್ಸಿನಲ್ಲಿ ಹೋಗಕೂಡದು ಎಂದರು. ನ್ಯಾಮತಿಯ ಅಂಚಿನ ಸಾಲು ನೆಡಲು ತಾವೇ ಜೀಪಿನಲ್ಲಿ ಬಂದರು.

ಆ ಬೆಳೆಯ ಕಾಲ ನನಗೆ ನೆನಪಿರುವುದು ಹೀಗೆ. ಗಡ್ಡೆಗಟ್ಟುವ ಹೊತ್ತಿನಲ್ಲಿ ಮಣ್ಣು ಒಣಗಿದರೆ ಕಜ್ಜಿ ಜೋರಾಗುತ್ತದೆ. ನಮಗೆ ಬೇಕಾದದ್ದೂ ಅದೇ ಆದ್ದರಿಂದ ನೀರು ತಡೆಹಿಡಿಯುತ್ತಿದ್ದೆವು. ಬಾಡಿದ ಗಿಡಗಳ ನಡುವೆ ನಿಂತು, ಕೆಳಗೆ ಏನು ನಡೆಯುತ್ತಿದೆಯೋ ತಿಳಿಯದೆ ಕಾಯುವುದು ನನ್ನ ಕೆಲಸ. ಹೊನ್ನಾಳಿಯ ಮಡಿ ನೋಡಿಕೊಂಡು ಪ್ರತಿ ಸಲವೂ ಹೊಳೆ ದಾಟಿ ಅತ್ತೆಮ್ಮನ ಮನೆಗೆ ಹೋಗುತ್ತಿದ್ದೆ. ಆಲೂಗಡ್ಡೆ ಮೇಡಂ ಎಂದು ಮನೆಯವರಿಗೆ ನನ್ನ ಪರಿಚಯವಾಗಿತ್ತು, ಯಾಕೆ ಬರುತ್ತೇನೆಂದು ಯಾರೂ ಕೇಳಲಿಲ್ಲ. ಮಾತಾಡುತ್ತ ಅವರ ಕೈ ನೋಡುತ್ತಿದ್ದೆ. ಲೋಟ ಹಿಡಿಯುವುದು, ಹೊಸ್ತಿಲು ದಾಟುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು ಎಲ್ಲವನ್ನೂ ನೋಡುತ್ತಿದ್ದೆ. ಒಮ್ಮೆ ನನ್ನ ಕುಪ್ಪಸದ ಗುಂಡಿ ನಾನೇ ಕಿತ್ತು, ಹಾಕಿಕೊಡಿ ಎಂದು ಸೂಜಿ ಕೊಟ್ಟೆ. ಅವರು ಬೆಳಕಿಗೆ ಹಿಡಿದು ದಾರ ಪೋಣಿಸುವವರೆಗೆ ನಾನು ಉಸಿರಾಡಲಿಲ್ಲ.

ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಬೆಳಗ್ಗೆ ಹೋದಾಗ ಅತ್ತೆಮ್ಮ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದರು. ಮಜ್ಜಿಗೆ ಲೋಟ ಹಿಡಿದಿದ್ದ ಕೈ ಗಡಗಡ ನಡುಗುತ್ತಿತ್ತು, ಮಜ್ಜಿಗೆ ತುಳುಕಿ ಕಂಬಳಿಯ ಮೇಲೆ ಬೀಳುತ್ತಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಬಂತು, ಎಂದುಕೊಂಡೆ. ಅವರೂ ನನ್ನ ಮುಖ ನೋಡಿದರು, ಇಬ್ಬರೂ ಅದೇ ಮಾತನ್ನು ಯೋಚಿಸುತ್ತಿದ್ದೇವೆಂದು ತಿಳಿಯಿತು. ಅವರ ತಮ್ಮನಿಗೆ ಹೇಳಿ ಗಾಡಿ ಕಟ್ಟಿಸಿದೆ. ಹೊನ್ನಾಳಿಯವರೆಗೆ ಅವರ ತಲೆ ನನ್ನ ತೊಡೆಯ ಮೇಲಿತ್ತು. ಮೈ ಕೆಂಡದ ಹಾಗೆ ಸುಡುತ್ತಿರುವುದು ತೊಡೆಗೆ ತಿಳಿಯುತ್ತಿದ್ದರೂ ಅದರ ಅರ್ಥ ನನ್ನ ತಲೆಗೆ ಹೋಗಲಿಲ್ಲ. ಡಾಕ್ಟರು ಮುಟ್ಟಿ ನೋಡಿ, ರಕ್ತದ ಹನಿ ತೆಗೆಸಿ, ಇದು ಚಳಿಜ್ವರ, ಮಲೇರಿಯಾ, ಊರಿನಲ್ಲಿ ಅರ್ಧ ಜನಕ್ಕೆ ಬಂದಿದೆ ಎಂದರು. ಮಲೇರಿಯಾ ಎಂಬ ಮಾತಿಗೆ ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ಮಾತ್ರೆ ಕೊಟ್ಟ ಮೇಲೆ ಜ್ವರ ಇಳಿಯಿತು, ನಡುಕ ನಿಂತಿತು. ನಿಜಕ್ಕೂ ನಿಂತಿತೋ, ಅದರಡಿಯಲ್ಲಿ ಇನ್ನೊಂದು ನಡುಕ ಉಳಿದಿದೆಯೋ ಎಂದು ಆಮೇಲೂ ಎಷ್ಟೋ ದಿನ ನೋಡಿದೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಗಡ್ಡೆ ಕೀಳಲು ಬಂದವು. ನ್ಯಾಮತಿಯಲ್ಲಿ ರೋಗ ಸಾಧಾರಣ. ಹೊನ್ನಾಳಿಯಲ್ಲಿ ಕೀಳುವ ದಿನ ಅತ್ತೆಮ್ಮ ತಾವೇ ನಡೆದುಕೊಂಡು ಹೊಲಕ್ಕೆ ಬಂದರು. ಪ್ರತಿ ತಳಿಯ ಗಡ್ಡೆಗಳನ್ನು ತೊಳೆದು ಗೋಣಿಯ ಮೇಲೆ ಹರವಿ, ಮೈ ಸ್ವಚ್ಛವಾಗಿದ್ದವು, ಚುಕ್ಕೆ ಇದ್ದವು, ಅರ್ಧ ಮೈ ಹಕ್ಕಳೆಗಟ್ಟಿದವು, ಗುಳಿ ಬಿದ್ದವು ಎಂದು ಬೇರೆ ಬೇರೆ ಮಾಡುತ್ತಿದ್ದೆವು. ಅಂಚಿನ ಸಾಲಿನ ಗಡ್ಡೆಗಳಲ್ಲಿ ಗುಳಿ ಬೀಳದ್ದು ಒಂದೂ ಇರಲಿಲ್ಲ. ನಡುವಿನ ಒಂದು ಮಡಿಯಲ್ಲಿ ಮಾತ್ರ, ಆಗ ಬರೀ ನಂಬರಿನಿಂದ ಕರೆಯುತ್ತಿದ್ದ ಒಂದು ತಳಿ, ಬೆಳ್ಳಗೆ ಬಂದಿತ್ತು. ಮಣ್ಣು ಒರೆಸಿದರೆ ಮಗುವಿನ ಕೆನ್ನೆಯಂಥ ಸಿಪ್ಪೆ.

ಅತ್ತೆಮ್ಮ ಅದರಲ್ಲಿ ಒಂದೆರಡನ್ನು ಕೇಳಿ ತೆಗೆದುಕೊಂಡು ಬದುವಿನ ಮೇಲೆ ಒಣ ಸೊಪ್ಪಿಗೆ ಬೆಂಕಿ ಹಾಕಿ ಸುಟ್ಟರು. ಹೊಸ ಗಡ್ಡೆಗೆ ವಿಷವಿಲ್ಲವೆಂದು ನನಗೆ ಗೊತ್ತು. ಆದರೂ ಅವರು ಒಡೆದು ಅರ್ಧವನ್ನು ನನ್ನ ಕೈಗಿಟ್ಟಾಗ ಬಾಯಿಗೆ ಹಾಕಲಾಗಲಿಲ್ಲ. ಅವರೂ ತಿನ್ನಲಿಲ್ಲ. ಇಬ್ಬರೂ ಹಿಡಿದುಕೊಂಡು ಕೂತಿದ್ದೆವು.

“ಒಂದು ಮಾತು ಹೇಳ್ಲಾ ತಂಗಿ,” ಎಂದರು ಅವರು. “ಉಂಡ ಪಲ್ಯಕ್ಕಿಂತ ನಿನ್ನ ಕಂಡ್ರೆ ನಂಗೆ ಹೆದ್ರಿಕೆ ಆಗ್ತಿತ್ತು. ನೀನು ಬಂದು ನನ್ನ ಕೈ ನೋಡಿ ಹೋದ ಮ್ಯಾಲೆ ನಾನು ಕದ ಹಾಕ್ಕಂಡು ಸೂಜಿಗೆ ದಾರ ಪೋಣಿಸ್ತಾ ಕೂಡ್ತಿದ್ದೆ. ಇವಳಿಗೆ ಏನೋ ಗೊತ್ತೈತೆ, ನಂಗೆ ಹೇಳವಲ್ಲಳು ಅಂತ.”

ಡಾಕ್ಟರು ನನಗೊಬ್ಬಳಿಗೇ ಹೇಳಿದ್ದನ್ನೆಲ್ಲ ಆಗ ಹೇಳಿದೆ. ಜೋಮು, ಕಣ್ಣು, ನಡಿಗೆ, ಯಾವುದನ್ನೂ ಬಿಡಲಿಲ್ಲ. ಅವರು ಒಂದೊಂದಕ್ಕೂ ತಮ್ಮ ಮೈಯನ್ನು ಕೇಳಿ ನೋಡಿಕೊಂಡವರಂತೆ, ಅದಿಲ್ಲ, ಅದೂ ಇಲ್ಲ ಎಂದರು. ಆಮೇಲೆ ತಮ್ಮ ಪಾಲಿನ ಗಡ್ಡೆಯನ್ನು ಊದಿ ಬಾಯಿಗೆ ಹಾಕಿಕೊಂಡರು. ನಾನೂ ತಿಂದೆ.

ಕೊನೆಗೆ ಕಿತ್ತದ್ದು ಜಗಳೂರಿನಲ್ಲಿ. ಅಲ್ಲಿಯ ಸುಣ್ಣದಂಶದ ಒಣ ಮಣ್ಣಿನಲ್ಲಿ ಕಜ್ಜಿ ಎಲ್ಲಕ್ಕಿಂತ ಘೋರವಾಗಿತ್ತು. ಉಳಿದೆಡೆ ತಡೆದುಕೊಂಡಿದ್ದ ತಳಿಗಳೂ ಅಲ್ಲಿ ಸೋತಿದ್ದವು. ಆ ಬೆಳ್ಳನೆಯ ತಳಿಯ ಮಡಿಗೆ ಬಂದಾಗ ಸಾಹೇಬರು ತಾವೇ ಗುದ್ದಲಿ ಹಿಡಿದರು. ಗಡ್ಡೆಗಳ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ. ಅವರು ಮಣ್ಣಿನಲ್ಲಿ ಕೂತು ನಕ್ಕರು. ಅವರು ನಕ್ಕದ್ದನ್ನು ನಾನು ಆ ವರ್ಷ ನೋಡಿದ್ದು ಅದೊಂದೇ ಸಲ. ಮುಂದಿನ ವರ್ಷಗಳಲ್ಲೂ ಆ ತಳಿ ರೋಗಕ್ಕೆ ಬಗ್ಗಲಿಲ್ಲ. ಗಡ್ಡೆ ಸಣ್ಣದು, ಇಳುವರಿ ಸಾಲದು ಎಂದು ರೈತರು ಅದನ್ನು ಒಪ್ಪಲಿಲ್ಲ. ಬೇರೆ ಕಡೆಯವರು ತಳಿ ಕೂಡಿಸುವುದಕ್ಕೆ ಅದನ್ನು ಒಯ್ದರೆಂದು ಕೇಳಿದೆ.

ಬೇರೆ ಯಾರೂ ಆ ಗಡ್ಡೆ ತಿಂದ ಸುದ್ದಿ ಎಂದೂ ಬರಲಿಲ್ಲ. ಆದರೂ ಆ ಊರಿನಲ್ಲಿ ಯಾರದಾದರೂ ಸಾವಿನ ಸುದ್ದಿ ಕೇಳಿದರೆ ಏನಾಗಿ ಸತ್ತರೆಂದು ವಿಚಾರಿಸದೆ ನನಗೆ ಇರಲಾಗುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ನನಗೆ ವರ್ಗವಾಯಿತು. ಹೇಳಿ ಬರಲು ಹೋದಾಗ ಅತ್ತೆಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಹಲ್ಲು ಹೋಗಿದ್ದವು, ಬೆನ್ನು ಬಾಗಿತ್ತು, ಕೈ ಮಾತ್ರ ಗಟ್ಟಿ. ಮದುಮಗಳಾಗಿದ್ದವಳ ಮಕ್ಕಳಿಬ್ಬರು ಅವರ ಸುತ್ತ ಆಡುತ್ತಿದ್ದರು. ಇನ್ನು ನಿನ್ನ ಜಾಗಕ್ಕೆ ಯಾರು ಎಂದು ಕೇಳಿದರು. ಈಗಷ್ಟೇ ಓದು ಮುಗಿಸಿದವನೊಬ್ಬ ಬಂದಿದ್ದಾನೆ, ಚುರುಕಾಗಿದ್ದಾನೆ, ಯಾವುದಕ್ಕೂ ಅಂಜುವವನಲ್ಲ ಎಂದೆ.

“ಹಂಗಾರೆ ಚೆನ್ನಾಗಿ ಹೆದ್ರಿಸಿ ಹೋಗು,” ಎಂದರು ಅತ್ತೆಮ್ಮ.

ಹೊರಡುವ ಮುಂಚಿನ ದಿನ ಆ ಹೊಸಬನನ್ನು ಗೋದಾಮಿಗೆ ಕರೆದುಕೊಂಡು ಹೋದೆ. ಬೀಗದ ಕಪಾಟು ತೆಗೆದು ಡಬ್ಬಿಗಳನ್ನು ತೋರಿಸಿ, ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಿಸಿ, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಮೊದಮೊದಲು ಅವನು ಕಾಲು ಅಲ್ಲಾಡಿಸುತ್ತ ಕೇಳುತ್ತಿದ್ದ. ನಾನು ಚಪ್ಪರದೊಳಗೆ ಎಲೆಗಳನ್ನು ನೋಡುತ್ತ ನಡೆದದ್ದನ್ನು ಹೇಳುವ ಹೊತ್ತಿಗೆ ಅವನ ಕಾಲು ನಿಂತಿತ್ತು.